ಮೂರು ಲಾಟ್ ಅಡಿಕೆ, ಇಬ್ಬರು ಖರೀದಿದಾರರು

(ಶಿರಸಿಯಲ್ಲಿ ಹೈಸ್ಕೂಲ್, ಪಿಯು ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದೆ. ತಲೆ ಇನ್ನೂ ಸ್ವಲ್ಪ ಸುತ್ತುತ್ತಿದೆ. ಏನಾದರೂ ಹೆಚ್ಚುಕಡಿಮೆ ಹೇಳಿದರೆ ಘಟ್ಟದ ಲೆಕ್ಕಕ್ಕೆ ಹಾಕಿಬಿಡಿ.

ನಾನು ಓದುವಾಗ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಎಫ್ ಬರೆದು, ಪಕ್ಕದಲ್ಲಿ ಬ್ರಾಕೆಟ್ ಹಾಕಿ, ಅದರೊಳಗೆ ಎಕ್ಸ್ ಬರೆದರು. ಬ್ರಾಕೆಟ್ ಕಂಡರೆ ಗುಣಿಸಬೇಕು ಅಂತ ಮೊದಲಿಂದ ಕಲಿಸಿದ್ದರಲ್ಲ, ನಾನು ಎಫ್ ಗುಣಿಸು ಎಕ್ಸ್ ಅಂದುಕೊಂಡೆ. ಟೆಸ್ಟಿನಲ್ಲಿ ‘ಎಫ್ ಆಫ್ 2 ಎಷ್ಟು?’ ಅಂತ ಕೇಳಿದರು. ‘2 ಎಫ್’ ಅಂತ ಧೈರ್ಯವಾಗಿ ಬರೆದೆ. ಸೊನ್ನೆ ಬಂತು. ಎಫ್ ಅನ್ನುವುದು ಒಂದು ಫಂಕ್ಷನ್ನಿನ ಹೆಸರು, ಬ್ರಾಕೆಟ್ಟಿನಲ್ಲಿರುವುದು ಅದಕ್ಕೆ ಕೊಡುವ ಬೆಲೆ ಅಂತ ಯಾರೂ ಹೇಳಲಿಲ್ಲ. ಎರಡು ವರ್ಷ ಹಾಗೇ ಉರು ಹೊಡೆದು ಪಾಸಾದೆ.

ಪಿಯುಸಿ ಮೊದಲ ವರ್ಷದ ಎರಡನೇ ಪಾಠ ಇದು: ಸಂಬಂಧಗಳು ಮತ್ತು ಉತ್ಪನ್ನಗಳು. ಫಂಕ್ಷನ್‌ಗೆ ಕೆಲವರು ಉತ್ಪನ್ನ ಅನ್ನುತ್ತಾರೆ, ಕೆಲವರು ಫಲನ ಅನ್ನುತ್ತಾರೆ. ನಿಮ್ಮೂರಿನಲ್ಲಿ ಉತ್ಪನ್ನ ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆಯೇ ನೆನಪಾಗುವುದು. ಒಳ್ಳೆಯದೇ ಆಯಿತು, ಅಲ್ಲಿಗೇ ಹೋಗೋಣ.

ಮಾರಾಟಕ್ಕೆ ಮೂರು ಲಾಟ್, ಅಂದರೆ ಮೂರು ಗುಡ್ಡೆ ಅಡಿಕೆ ಇಟ್ಟಿದ್ದಾರೆ. ಒಂದೊಂದು ಒಂದೊಂದು ಬಗೆ: ಒಂದು ರಾಶಿ, ಒಂದು ಚಾಲಿ, ಒಂದು ಬೆಟ್ಟೆ. ಖರೀದಿದಾರರು ಇಬ್ಬರೇ, ದೊಡ್ಡಣ್ಣ, ಸಣ್ಣಣ್ಣ ಅಂತ ಕರೆಯೋಣ. ಇಬ್ಬರೂ ಸಾಲಾಗಿ ನೋಡಿಕೊಂಡು ಬರುತ್ತಾರೆ. ಒಂದು ಹಿಡಿ ಎತ್ತುತ್ತಾರೆ, ಒಂದನ್ನು ಒಡೆದು ಒಳಗೆ ನೋಡುತ್ತಾರೆ. ಬೇಕು ಅನ್ನಿಸಿದ ಲಾಟಿಗೆ ದರ ಬರೆಯುತ್ತಾರೆ. ಬೇಡವಾದರೆ ಮುಂದೆ ಹೋಗುತ್ತಾರೆ.

ಯಾರು ಯಾವ ಲಾಟಿಗೆ ದರ ಬರೆದರು ಅಂತ ಒಂದು ಪಟ್ಟಿ ಮಾಡಿ. ಲಾಟ್ ಮೊದಲು, ಹೆಸರು ಆಮೇಲೆ. ಹೀಗೆ ಆಗಬಹುದಾದ ಜೋಡಿ ಆರು. ಈ ಆರರಲ್ಲಿ ಯಾವುದನ್ನು ಬೇಕಾದರೂ ಆರಿಸಿ ಬರೆದಿಟ್ಟರೆ ಅದೇ ಸಂಬಂಧ. ಅದಕ್ಕಿಂತ ಜಾಸ್ತಿ ಏನೂ ಇಲ್ಲ. ಪ್ರತಿ ಜೋಡಿಯೂ ಪಟ್ಟಿಯಲ್ಲಿ ಇರಬಹುದು, ಇಲ್ಲದಿರಬಹುದು. ಎರಡನ್ನು ಆರು ಸಲ ಗುಣಿಸಿ: 64. ಒಬ್ಬರೂ ಏನೂ ಬರೆಯದ ಖಾಲಿ ಪಟ್ಟಿಯೂ ಈ 64ರಲ್ಲಿ ಒಂದು. ರೈತನಿಗೆ ಅದು ಕೆಟ್ಟ ದಿನ. ಗಣಿತಕ್ಕೆ ಏನೂ ಬೇಜಾರಿಲ್ಲ.

ಮಧ್ಯಾಹ್ನ ಟೆಂಡರ್ ಒಡೆಯುತ್ತಾರೆ, ಅಂದರೆ ಬರೆದ ದರಗಳನ್ನು ತೆರೆದು ನೋಡುತ್ತಾರೆ. ಈಗ ಇನ್ನೊಂದು ಪಟ್ಟಿ: ಯಾವ ಲಾಟ್ ಯಾರಿಗೆ ಹೋಯಿತು? ಇಲ್ಲಿ ಶಿಸ್ತು ಬೇಕು. ಒಂದೇ ಲಾಟನ್ನು ಇಬ್ಬರಿಗೂ ಕೊಟ್ಟರೆ ಅಲ್ಲೇ ಜಗಳ. ಯಾವುದೋ ಲಾಟ್ ಯಾರಿಗೂ ಹೋಗದೆ ಉಳಿದರೆ ಪಟ್ಟಿ ಅರ್ಧವೇ ಆಯಿತು. ಪ್ರತಿ ಲಾಟಿಗೂ ಒಬ್ಬ, ಒಬ್ಬನೇ. ಇದೇ ಫಲನ. ಇಂಥ ಪಟ್ಟಿಗಳು ಎಷ್ಟು? ಎರಡು ಗುಣಿಸು ಎರಡು ಗುಣಿಸು ಎರಡು, ಎಂಟೇ ಎಂಟು. 64 ಸಂಬಂಧಗಳಲ್ಲಿ 8 ಮಾತ್ರ ಫಲನ.

ಮೂರೂ ಲಾಟ್ ಸಣ್ಣಣ್ಣನಿಗೇ ಹೋದರೆ? ಅದೂ ಫಲನವೇ. ಶಿಸ್ತು ಇರುವುದು ಲಾಟುಗಳ ಕಡೆಗೆ, ಖರೀದಿದಾರರ ಕಡೆಗಲ್ಲ. ಮಕ್ಕಳು ಎಡವುವುದು ಇಲ್ಲೇ. ಲಾಟುಗಳ ಗುಂಪು ಡೊಮೇನ್. ಬಂದ ಖರೀದಿದಾರರೆಲ್ಲ ಕೋಡೊಮೇನ್. ನಿಜವಾಗಿ ಮಾಲು ಸಿಕ್ಕವರು ರೇಂಜ್. ದೊಡ್ಡಣ್ಣ ಬರಿಗೈಯಲ್ಲಿ ಮನೆಗೆ ಹೋದರೆ ಅವನು ಕೋಡೊಮೇನಿನಲ್ಲಿದ್ದಾನೆ, ರೇಂಜಿನಲ್ಲಿ ಇಲ್ಲ. ಇಬ್ಬರಿಗೂ ಏನಾದರೂ ಸಿಕ್ಕರೆ ಅದು ಆನ್‌ಟು. ಎಂಟರಲ್ಲಿ ಅಂಥವು ಆರು. ಒಬ್ಬನಿಗೆ ಒಂದಕ್ಕಿಂತ ಹೆಚ್ಚು ಲಾಟ್ ಹೋಗದಿದ್ದರೆ ಅದು ಒನ್-ಒನ್. ಅಂಥವು ಎಷ್ಟು? ಸೊನ್ನೆ. ಮೂರು ಲಾಟ್, ಇಬ್ಬರೇ ಜನ. ಯಾರಾದರೂ ಎರಡು ಹೊರಲೇಬೇಕು.

ನಮ್ಮ ಮನೆಯ ಸಂಬಂಧಗಳೂ ಹೀಗೇ. ‘ನಿನ್ನ ಹೆತ್ತ ತಾಯಿ ಯಾರು?’ ಅಂದರೆ ಒಂದೇ ಉತ್ತರ. ‘ನಿನ್ನ ಮಾವ ಯಾರು?’ ಅಂದರೆ ಸೋದರಮಾವ, ಅತ್ತೆಯ ಗಂಡ, ಹೆಂಡತಿಯ ಅಪ್ಪ, ಸಾಲು ಬೆಳೆಯುತ್ತದೆ. ತಾಯಿ ಫಲನ, ಮಾವ ಬರೀ ಸಂಬಂಧ.

ಈಗ ಒಂದು ಮಾತು ಗಮನಿಸಿ. ಆ ಎಂಟು ಪಟ್ಟಿಗಳಲ್ಲಿ ಒಂದಕ್ಕಾದರೂ ಸೂತ್ರ ಬರೆದೆವಾ? ಇಲ್ಲ. ಆದರೂ ಫಲನ ಅಂದ ಕೂಡಲೇ ಮಕ್ಕಳು ‘ವೈ ಸಮ ಇಷ್ಟು’ ಅಂತ ಸೂತ್ರ ಹುಡುಕುತ್ತಾರೆ. ಬೈಯಬೇಡಿ. ಆಯ್ಲರ್‌ನಂಥ ದೊಡ್ಡ ಗಣಿತಜ್ಞನೇ 1748ರ ತನ್ನ ಪುಸ್ತಕದಲ್ಲಿ ಫಲನ ಅಂದರೆ ಸೂತ್ರ ಅನ್ನೋ ಹಾಗೆ ಬರೆದ. ನನಗೆ ಸೊನ್ನೆ ತಂದುಕೊಟ್ಟ ಆ ಎಫ್-ಬ್ರಾಕೆಟ್ ಬರವಣಿಗೆಯೂ ಅವನದೇ, 1734ರದು. 1755ರಲ್ಲಿ ತಾನೇ ಆ ಅರ್ಥವನ್ನು ಸಡಿಲ ಮಾಡಿದ. 1837ರಲ್ಲಿ ಜರ್ಮನಿಯ ಗಣಿತಜ್ಞ ಡಿರಿಚ್ಲೆ ಇನ್ನೂ ಬಿಡಿಸಿ ಹೇಳಿದ: ಎಕ್ಸ್‌ನ ಪ್ರತಿ ಬೆಲೆಗೂ ವೈಯ ಒಂದೇ ಬೆಲೆ ಸಿಕ್ಕರೆ ಸಾಕು, ಸೂತ್ರ ಇರಲೇಬೇಕು ಅಂತಿಲ್ಲ. ಗಣಿತಕ್ಕೇ ಸುಮಾರು ತೊಂಬತ್ತು ವರ್ಷ ಹಿಡಿದದ್ದು ಹುಡುಗನಿಗೆ ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ತಿಳಿಯಬೇಕು ಅಂದರೆ ಹೇಗೆ?

ಇನ್ನು ನಮ್ಮ ಕಡೆಯ ಉದಾಹರಣೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯಲ್ಲಿ ಒಂದು ಗೂಟ ನೆಟ್ಟು, ಗಂಟೆಗೊಮ್ಮೆ ನೀರು ಎಷ್ಟು ಎತ್ತರ ಅಂತ ಬರೆದುಕೊಳ್ಳಿ. ಯಾವ ಹೊತ್ತು ಹೇಳಿದರೂ ನೀರಿನ ಎತ್ತರ ಒಂದೇ. ಹೊತ್ತಿನಿಂದ ಎತ್ತರಕ್ಕೆ ಫಲನ. ಹೊತ್ತು ಅಡ್ಡಕ್ಕೆ, ಎತ್ತರ ಮೇಲಕ್ಕೆ ಇಟ್ಟು ಗ್ರಾಫ್ ಬರೆದು, ಎಲ್ಲಿ ಬೇಕಾದರೂ ಮೇಲಿಂದ ಕೆಳಗೆ ನೆಟ್ಟಗೆ ಒಂದು ಗೆರೆ ಎಳೆಯಿರಿ, ಒಂದೇ ಕಡೆ ತಾಗುತ್ತದೆ. ಪುಸ್ತಕದ ಲಂಬರೇಖೆ ಪರೀಕ್ಷೆ ಇದೇ. ಅದನ್ನು ಉರು ಹೊಡೆಸಬೇಕಾಗಿಲ್ಲ.

ತಿರುಗಿಸಿ ಕೇಳಿ: ನೀರು ಸೊಂಟದವರೆಗೆ ಬರುವುದು ಎಷ್ಟು ಹೊತ್ತಿಗೆ? ಉಬ್ಬರದಿಂದ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಏರುವಾಗ ಒಮ್ಮೆ ಸೊಂಟ ಮುಟ್ಟುತ್ತದೆ, ಇಳಿಯುವಾಗ ಮತ್ತೊಮ್ಮೆ, ರಾತ್ರಿ ಮತ್ತೆ. ಉತ್ತರ ಒಂದಲ್ಲ. ಹಿಂದೆ ಹೋಗುವ ದಾರಿ ಫಲನ ಅಲ್ಲ.

ಆದರೆ ದೋಣಿಯವರಿಗೆ ಇದು ತೊಂದರೆಯೇ ಅಲ್ಲ. ‘ಬೆಳಗಿನ ಏರುವ ನೀರಿಗೆ ಬಾ’ ಅನ್ನುತ್ತಾರೆ, ಅಷ್ಟೇ. ಏರುವ ನೀರು ಅಂದ ಕೂಡಲೇ ಅರ್ಧ ಗ್ರಾಫ್ ಬಿಟ್ಟುಹೋಯಿತು, ಬೆಳಗಿನದು ಅಂದ ಕೂಡಲೇ ರಾತ್ರಿಯದೂ ಹೋಯಿತು. ಉಳಿದದ್ದರಲ್ಲಿ ಒಂದು ಎತ್ತರಕ್ಕೆ ಒಂದೇ ಹೊತ್ತು. ಡೊಮೇನ್ ಕಡಿಮೆ ಮಾಡುವುದು ಅಂದರೆ ಇದು.

ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆಗೆ ಈಗ ಬರುತ್ತೇನೆ. ‘ಸರ್, ಎಕ್ಸ್ ವರ್ಗ 9 ಅಂದರೆ ಎಕ್ಸ್ 3 ಅಥವಾ ಮೈನಸ್ 3. ಆದರೆ 9ರ ವರ್ಗಮೂಲ ಮಾತ್ರ ಬರೀ 3 ಯಾಕೆ?’ ಒಳ್ಳೆಯ ಪ್ರಶ್ನೆ. ‘ಅದು ಹಾಗೇ’ ಅಂತ ಹೇಳಿ ಕೂರಿಸಬೇಡಿ. ಎಕ್ಸ್ ವರ್ಗದ ಗ್ರಾಫ್ ಬಟ್ಟಲಿನ ಹಾಗೆ ಇದೆ. ಎಕ್ಸ್, ವೈ ಅದಲು ಬದಲು ಮಾಡಿದರೆ ಬಟ್ಟಲು ಮಗ್ಗುಲಾಗಿ ಬೀಳುತ್ತದೆ. ಈಗ 9ರ ಮೇಲೆ ನೆಟ್ಟಗೆ ಗೆರೆ ಎಳೆಯಿರಿ. ಮೇಲೆ 3, ಕೆಳಗೆ ಮೈನಸ್ 3, ಎರಡು ಕಡೆ ತಾಗಿತು. ವರ್ಗಮೂಲದ ಚಿಹ್ನೆಗೆ ಒಂದೇ ಉತ್ತರ ಬೇಕು. ಅದಕ್ಕೇ ಕೆಳಗಿನ ಅರ್ಧವನ್ನು ಡಸ್ಟರ್‌ನಿಂದ ಒರೆಸಿಬಿಡುತ್ತೇವೆ.