ವಜಾ ಪ್ರಕರಣ: ನಡುವೆಯೇ ಹೈಕೋರ್ಟಿಗೆ ಹೋದರೆ

ಕೇಳುಗರಿಗೆ ನಮಸ್ಕಾರ.

ಸಕಲೇಶಪುರದ ಕಡೆಯ ಒಂದು ಕಾಫಿ ತೋಟ ಎಂದುಕೊಳ್ಳಿ. ಕಣದಲ್ಲಿ ಒಣಗಿಸಿಟ್ಟ ಕಾಫಿಯ ಎರಡು ಮೂಟೆ ಕಾಣೆಯಾದವೆಂದು ಕಾವಲಿನವನ ಮೇಲೆ ಆರೋಪ ಬಂತು. ಮಾಲೀಕರೇ ನೇಮಿಸಿದ ವಿಚಾರಣಾಧಿಕಾರಿ ಒಂದೇ ಮಧ್ಯಾಹ್ನ ವಿಚಾರಣೆ ಮುಗಿಸಿದರು, ಕೆಲಸ ಹೋಯಿತು. ನಡಾವಳಿಯ ಪ್ರತಿ ಪುಟದ ಅಡಿಯಲ್ಲೂ ಅವನ ಹೆಬ್ಬೆಟ್ಟಿನ ಗುರುತಿದೆ. ಪ್ರತಿ ಸಾಕ್ಷಿಯ ಹೇಳಿಕೆಯ ಕೊನೆಗೆ ‘ಪಾಟೀಸವಾಲು ಇಲ್ಲ’ ಎಂದು ಬರೆದಿದೆ. ಸಾಕ್ಷಿಯನ್ನು ತಾನು ಪ್ರಶ್ನಿಸಬಹುದೆಂದು ಅವನಿಗೆ ಯಾರಾದರೂ ಹೇಳಿದ್ದರೇ? ಆರೋಪ ಪಟ್ಟಿಯೇ ಇಂಗ್ಲಿಷಿನಲ್ಲಿತ್ತು.

ಇಂಥ ಪ್ರಕರಣ ಚಿಕ್ಕಮಗಳೂರಿನ ಕಾರ್ಮಿಕ ನ್ಯಾಯಾಲಯದ ಮುಂದೆ ಬಂದಾಗ, ಮೂಟೆ ಕದ್ದವರು ಯಾರೆಂಬ ಪ್ರಶ್ನೆ ಮೊದಲು ಏಳುವುದಿಲ್ಲ. ತೋಟದಲ್ಲಿ ನಡೆದ ಆಂತರಿಕ ವಿಚಾರಣೆ ನ್ಯಾಯಸಮ್ಮತವೇ ಎಂಬುದು ಪ್ರಾಥಮಿಕ ವಿವಾದಾಂಶವಾಗುತ್ತದೆ. ಅಲ್ಲ ಎಂದು ಆದೇಶವಾದರೆ ಮನೆಯವರು ಕೆಲಸ ಮರಳಿ ಸಿಕ್ಕಿತೆಂದೇ ತಿಳಿಯುತ್ತಾರೆ. ಇನ್ನೂ ಸಿಕ್ಕಿಲ್ಲ. ನ್ಯಾಯಾಲಯದ ಮುಂದೆಯೇ ಸಾಕ್ಷ್ಯ ಒದಗಿಸಿ ಆರೋಪವನ್ನು ಸಾಬೀತುಪಡಿಸಲು ಮಾಲೀಕರಿಗೆ ಅವಕಾಶವಿರುತ್ತದೆ. ಆದರೆ ಅದನ್ನು ಹೊತ್ತಿಗೆ ಸರಿಯಾಗಿ ಕೇಳಿರಬೇಕು. ನಮ್ಮ ರಾಜ್ಯ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣವೊಂದರಲ್ಲೇ, 2001ರಲ್ಲಿ, ಈ ಕೋರಿಕೆಯನ್ನು ಮಾಲೀಕರು ದಾವೆಗೆ ಕೊಡುವ ಉತ್ತರದಲ್ಲಿ, ಅಂದರೆ ಲಿಖಿತ ಹೇಳಿಕೆಯಲ್ಲಿಯೇ, ಮುಂದಿಡಬೇಕೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು.

ತಕರಾರು ಬೆಳೆಯುವುದು ಇದೇ ಹಂತದಲ್ಲಿ. ಪ್ರಾಥಮಿಕ ಆದೇಶ ತಮಗೆ ವಿರುದ್ಧವಾದೊಡನೆ ಮಾಲೀಕರು ಸಂವಿಧಾನದ 226 ಮತ್ತು 227ನೇ ವಿಧಿಗಳಡಿ ಬೆಂಗಳೂರಿನ ಹೈಕೋರ್ಟಿಗೆ ರಿಟ್ ಅರ್ಜಿ ಹಾಕುತ್ತಾರೆ. ತಡೆಯಾಜ್ಞೆ ಸಿಕ್ಕರೆ ಮೂಲ ಪ್ರಕರಣ ಅಲ್ಲಿಗೇ ನಿಂತಿತು. ಇದು ಸಲ್ಲದೆಂದು ಸುಪ್ರೀಂ ಕೋರ್ಟ್ 1975ರಲ್ಲೇ ಕೂಪರ್ ಎಂಜಿನಿಯರಿಂಗ್ ಪ್ರಕರಣದಲ್ಲಿ ತಿಳಿಸಿದೆ. ಪ್ರಾಥಮಿಕ ಆದೇಶವನ್ನು ಪ್ರಶ್ನಿಸಿ ಪ್ರಕರಣವನ್ನು ತಡೆಹಿಡಿಯುವುದು ಸಮರ್ಥನೀಯವಲ್ಲ, ಐತೀರ್ಪು, ಅಂದರೆ ಕಾರ್ಮಿಕ ನ್ಯಾಯಾಲಯದ ಅಂತಿಮ ತೀರ್ಪು, ಬಂದ ಮೇಲೆ ಅದರ ಜೊತೆಗೇ ಇದನ್ನೂ ಪ್ರಶ್ನಿಸಬಹುದು, ಆದ್ದರಿಂದ ಹೈಕೋರ್ಟ್ ಈ ಹಂತದಲ್ಲಿ ಮಧ್ಯಪ್ರವೇಶಿಸಲು ನಿರಾಕರಿಸಿದರೆ ತಪ್ಪಿಲ್ಲ ಎಂಬುದು ಅದರ ತಿರುಳು. 1983ರ ಮಹೇಶ್ವರಿ ಪ್ರಕರಣದಲ್ಲಿ ನ್ಯಾಯಮೂರ್ತಿ ಚಿನ್ನಪ್ಪ ರೆಡ್ಡಿಯವರು ಇದೇ ಮಾತನ್ನು ಇನ್ನಷ್ಟು ಖಾರವಾಗಿ ಆಡಿದರು. ಆದರೂ ಅರ್ಜಿಗಳು ನಿಂತಿಲ್ಲ. ನಿರಾಕರಿಸಬಹುದು ಎಂದರೆ ನಿರಾಕರಿಸಲೇಬೇಕು ಎಂದಲ್ಲವಲ್ಲ!

ಹೊಟ್ಟೆಪಾಡಿನ ಲೆಕ್ಕವನ್ನೂ ನೋಡಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದಗಳ ಕಾಯಿದೆಯ 17-ಬಿ ಕಲಮಿನಂತೆ, ಮರಳಿ ಕೆಲಸಕ್ಕೆ ತೆಗೆದುಕೊಳ್ಳಿ ಎಂಬ ಐತೀರ್ಪನ್ನು ಮಾಲೀಕರು ಹೈಕೋರ್ಟಿನಲ್ಲಿ ಪ್ರಶ್ನಿಸಿದರೆ, ಬೇರೆಡೆ ಕೆಲಸವಿಲ್ಲದೆ ಕುಳಿತಿರುವ ಕಾರ್ಮಿಕನಿಗೆ ಅರ್ಜಿ ಇತ್ಯರ್ಥವಾಗುವವರೆಗೆ ಕೊನೆಯ ಬಾರಿ ಪಡೆದ ವೇತನ ಕೊಡಬೇಕು. ಪ್ರಾಥಮಿಕ ಆದೇಶ ಐತೀರ್ಪಲ್ಲ. ಆ ಹಂತದ ತಡೆಯಾಜ್ಞೆಯ ಕಾಲಕ್ಕೆ ಈ ಕಲಮಿನಡಿ ಬಿಡಿಗಾಸೂ ಇಲ್ಲ. ಮಾಲೀಕರಿಗೆ ವಿಳಂಬ ಅಗ್ಗವಾಗಿರುವ ಹಂತವೇ ಇದು. ಅನುಮಾನದಿಂದ ನೋಡಬೇಕಾದ ಅರ್ಜಿಯೂ ಇದೇ ಎಂದು ನನ್ನ ಅಭಿಪ್ರಾಯ.

ಕಾರ್ಮಿಕರೂ ಇದೇ ತಪ್ಪು ಮಾಡುವುದುಂಟು. ವಿಚಾರಣೆ ಸರಿಯಾಗಿತ್ತು ಎಂಬ ಆದೇಶ ಬಂದೊಡನೆ ಎಲ್ಲ ಮುಗಿಯಿತೆಂದು ಹೈಕೋರ್ಟಿಗೆ ಓಡಬೇಕಾಗಿಲ್ಲ. ಅದೇ ಕಾಯಿದೆಯ 11-ಎ ಕಲಮಿನಡಿ, ತಪ್ಪಿಗೆ ಮೀರಿದ ಶಿಕ್ಷೆಯನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕಿದೆ. ಹೈಕೋರ್ಟ್ ಸಾಕ್ಷ್ಯವನ್ನು ಹೊಸದಾಗಿ ತೂಗುವುದಿಲ್ಲ. ಅಧಿಕಾರ ವ್ಯಾಪ್ತಿ ಮೀರಿದೆಯೇ, ಎರಡೂ ಕಡೆಯವರ ಮಾತು ಕೇಳಬೇಕೆಂಬ ಸಹಜ ನ್ಯಾಯಕ್ಕೆ ಭಂಗ ಬಂದಿದೆಯೇ, ಮೇಲ್ನೋಟಕ್ಕೇ ಕಾಣುವ ಕಾನೂನಿನ ದೋಷವಿದೆಯೇ ಎಂದಷ್ಟೇ ನೋಡುತ್ತದೆ.

ಕೊನೆಯದಾಗಿ, ಈಚೆಗೆ ಕೆಲಸ ಕಳೆದುಕೊಂಡವರಿಗೆ ಒಂದು ಮಾತು. ಆ ಹಳೆಯ ಕಾಯಿದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಸಂಧಾನಾಧಿಕಾರಿಗೆ ದೂರು ಕೊಟ್ಟು 45 ದಿನ ಕಳೆದ ಮೇಲೆ ನೇರವಾಗಿ ಅರ್ಜಿ ಹಾಕುವ ಹಕ್ಕು ಅದರಲ್ಲೂ ಉಳಿದಿದೆ. ಆದರೆ ಅರ್ಜಿಯ ಗಡುವು ಮೂರು ವರ್ಷದಿಂದ ಎರಡು ವರ್ಷಕ್ಕೆ ಇಳಿದಿದೆ. ವಜಾ ಆದೇಶದ ತಾರೀಕನ್ನು ಇಂದೇ ನೋಡಿಕೊಳ್ಳಿ.

ನಮಸ್ಕಾರ.