ಲೋಜ್ಬಾನ್ ಭಾಷೆಯಲ್ಲಿ ‘ಅಥವಾ’

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ಸಂಬಂಧಾರ್ಥಕ ಅವ್ಯಯ ಅಂತ ಓದಿದ್ದೆವು, ನೆನಪಿದೆಯಾ? ಮತ್ತು, ಆದರೆ, ಅಥವಾ. ಇವತ್ತು ‘ಅಥವಾ’ ಒಂದನ್ನೇ ಹಿಡಿದು ಮಾತಾಡುತ್ತೇನೆ. ಅದೂ ಲೋಜ್ಬಾನ್ ಭಾಷೆಯ ‘ಅಥವಾ’.

ಲೋಜ್ಬಾನ್ ತಾನಾಗಿ ಬೆಳೆದ ಭಾಷೆಯಲ್ಲ, ಜನ ಕೂತು ಕಟ್ಟಿದ್ದು. ಆಡುವ ಭಾಷೆ ನಮ್ಮ ಯೋಚನೆಯನ್ನು ಬದಲಿಸುತ್ತದೆಯೇ ಅಂತ ಪರೀಕ್ಷಿಸಲು ಅಮೆರಿಕದ ಜೇಮ್ಸ್ ಕುಕ್ ಬ್ರೌನ್ 1955ರಲ್ಲಿ ಲಾಗ್ಲಾನ್ ಅನ್ನುವ ಭಾಷೆ ಶುರು ಮಾಡಿದರು. ಅದಕ್ಕೆ ತರ್ಕದ ಮೇಲೆ ನಿಂತ ವ್ಯಾಕರಣ ಕೊಟ್ಟರು. ಅದರಿಂದ ಕವಲೊಡೆದದ್ದೇ ಲೋಜ್ಬಾನ್. ಅದರ ಕೆಲಸ 1987ರಲ್ಲಿ ಶುರುವಾಯಿತು.

ಈಗ ‘ಅಥವಾ’ಕ್ಕೆ ಬರೋಣ. ‘ಆಧಾರ್ ಅಥವಾ ವೋಟರ್ ಐಡಿ ತನ್ನಿ’ ಅಂದರೆ ಎರಡನ್ನೂ ತಂದರೂ ಯಾರೂ ಬೈಯುವುದಿಲ್ಲ. ‘ಊಟದ ಜೊತೆ ಪಾಯಸ ಅಥವಾ ಐಸ್‌ಕ್ರೀಂ’ ಅಂದರೆ ಒಂದೇ ಸಿಗುತ್ತದೆ. ಪದ ಅದೇ, ಅರ್ಥ ಬೇರೆ. ಸಂದರ್ಭ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಲೋಜ್ಬಾನ್ ಅದನ್ನು ಸಂದರ್ಭಕ್ಕೆ ಬಿಡುವುದಿಲ್ಲ. ಕನಿಷ್ಠ ಒಂದು, ಎರಡೂ ಆದರೂ ಸರಿ ಅನ್ನುವುದಕ್ಕೆ ‘ಆ’. ಒಂದೇ ಒಂದು ಅನ್ನುವುದಕ್ಕೆ ‘ಒನಾಯ್’.

ಈ ‘ಒನಾಯ್’ ಹುಟ್ಟಿದ ರೀತಿ ನನಗೆ ತುಂಬಾ ಇಷ್ಟ. ಇಬ್ಬರು ಬರುವ ಮಾತು ಅಂದುಕೊಳ್ಳಿ. ಅವರ ಹೆಸರುಗಳ ನಡುವೆ ಬರೀ ‘ಒ’ ಹಾಕಿದರೆ ಅರ್ಥ ಇಷ್ಟು: ಬಂದರೆ ಇಬ್ಬರೂ ಬರುತ್ತಾರೆ, ಇಲ್ಲದಿದ್ದರೆ ಇಬ್ಬರೂ ಬರುವುದಿಲ್ಲ. ‘ನಾಯ್’ ಸೇರಿದರೆ ಎರಡನೆಯದು ‘ಇಲ್ಲ’ ಆಗುತ್ತದೆ. ಆಗ ಒಬ್ಬರು ಬಂದರೆ ಇನ್ನೊಬ್ಬರು ಬರುವುದಿಲ್ಲ, ಒಬ್ಬರು ಬರದಿದ್ದರೆ ಇನ್ನೊಬ್ಬರು ಬಂದೇ ಬರುತ್ತಾರೆ. ಹೊಸ ಪದವೇ ಬೇಕಾಗಲಿಲ್ಲ ನೋಡಿ.

‘ಆ’, ‘ಒ’ ತರಹದ ಸ್ವರಗಳಲ್ಲಿ ಉಳಿದವು ಎರಡು. ‘ಎ’ ಅಂದರೆ ಎರಡೂ. ‘ಉ’ ಅಂದರೆ ಎರಡನೆಯದು ಇರಲಿ ಬಿಡಲಿ, ಮೊದಲನೆಯದು ಇದೆ. ಎರಡು ಮಾತುಗಳನ್ನು ತರ್ಕದಲ್ಲಿ ಕೂಡಿಸುವ ರೀತಿ ಒಟ್ಟು 16. ಅದರಲ್ಲಿ ಯಾವಾಗಲೂ ನಿಜ, ಯಾವಾಗಲೂ ಸುಳ್ಳು ಅನ್ನುವ ಎರಡನ್ನು ಬಿಟ್ಟರೆ ಉಳಿದ 14 ಈ ನಾಲ್ಕು ಸ್ವರಗಳಿಂದ ಮತ್ತು ಎರಡು ಮೂರು ಪುಟ್ಟ ಪದಗಳಿಂದ ಸಿಗುತ್ತವೆ.

ಕಲಿಯುವವರಿಗೆ ಕಷ್ಟ ಬೇರೆ ಕಡೆ ಇದೆ. ಎರಡು ವಸ್ತುಗಳ ನಡುವೆ ‘ಎ’ ಬಂದರೆ, ಎರಡು ಕ್ರಿಯೆಗಳ ನಡುವೆ ‘ಗಿಹೆ’, ಎರಡು ವಾಕ್ಯಗಳ ನಡುವೆ ‘ಇಝೆ’. ಜಾಸ್ತಿ ಅನ್ನಿಸಬಹುದು. ಆದರೆ ಕೊನೆಯ ಸ್ವರ ಹಿಡಿದರೆ ಅರ್ಥ ಸಿಕ್ಕಿತು.

ಕೊನೆಗೆ ಪ್ರಶ್ನೆಯ ವಿಷಯ. ‘ಕಾಫಿ ಅಥವಾ ಟೀ ಕುಡಿತೀರಾ?’ ಅಂತ ಕೇಳಿದಾಗ ಸುಮ್ನೆ ‘ಹೌದು’ ಅಂದರೆ ತರ್ಕದ ಪ್ರಕಾರ ಅದು ಸರಿ. ಕೇಳಿದವರಿಗೆ ಮಾತ್ರ ಏನೂ ಗೊತ್ತಾಗಲಿಲ್ಲ, ಅಲ್ವಾ? ಕನ್ನಡದಲ್ಲಿ ‘ಕಾಫಿನಾ, ಟೀನಾ?’ ಅಂತ ಕೇಳಿ ಇದನ್ನು ದಾಟುತ್ತೇವೆ. ಲೋಜ್ಬಾನ್‌ನಲ್ಲಿ ಇದಕ್ಕಾಗಿಯೇ ‘ಝಿ’ ಇದೆ: ‘ದೊ ಪಿನ್ಖೆ ಲೊ ಶ್ಕಾಫಿ ಝಿ ಲೊ ಚಾತಿ?’ ನಡುವೆ ಯಾವ ಕೂಡುಪದ ಹಾಕಲಿ ಅಂತಲೇ ಈ ಪ್ರಶ್ನೆ ಕೇಳುತ್ತದೆ. ಹಾಗಾಗಿ ಉತ್ತರವೂ ಕೂಡುಪದವೇ. ‘ಎ’ ಅಂದರೆ ಎರಡೂ. ‘ಎನಾಯ್’ ಅಂದರೆ ಕಾಫಿ ಮಾತ್ರ, ‘ನಾ ಎ’ ಅಂದರೆ ಟೀ ಮಾತ್ರ. ‘ನಾ ಎನಾಯ್’ ಅಂದರೆ ಎರಡೂ ಬೇಡ. ಉತ್ತರದಲ್ಲಿ ಕಾಫಿ, ಟೀ ಅನ್ನುವ ಹೆಸರನ್ನೂ ಎತ್ತಬೇಕಿಲ್ಲ.