ನಿನ್ನೆ ಯಾಕೋ ಬರಲಿಲ್ಲ?

ಕೇಳುಗರಿಗೆಲ್ಲ ನಮಸ್ಕಾರ. ಹರೆಯದ ಮಕ್ಕಳ ಮನಸ್ಸು ಮತ್ತು ಆಟ, ಇದರ ಬಗ್ಗೆ ನಾಲ್ಕು ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ನಾನು ಡಾಕ್ಟರಲ್ಲ. ಹಾಸನ ಜಿಲ್ಲೆಯ ಹೈಸ್ಕೂಲುಗಳಲ್ಲಿ ಕೆಲಸ ಮಾಡಿದ ಪಿ.ಟಿ. ಮೇಷ್ಟ್ರು. ಮನೆಯಲ್ಲಿ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿದ್ದಾರಲ್ಲ, ಆ ಅಪ್ಪ ಅಮ್ಮಂದಿರ ಜೊತೆ ಈಗ ಮಾತಾಡುತ್ತಿದ್ದೇನೆ.

ಹೇಳಬೇಕಾದ್ದು ಒಂದೇ ಮಾತು. ಪ್ರತಿ ಮಗುವಿಗೂ ಮೈದಾನದಲ್ಲಿ ಒಬ್ಬ ಹಿರಿಯರು ಬೇಕು. ಮಗು ಒಂದು ದಿನ ಕಾಣದಿದ್ದರೆ, ಮಾರನೇ ದಿನ ಹೆಸರು ಹಿಡಿದು ಕರೆದು, "ನಿನ್ನೆ ಯಾಕೋ ಬರಲಿಲ್ಲ?" ಅಂತ ಕೇಳುವವರು.

ಆಟ ಆಡಿದರೆ ಮೈ ದಣಿಯುತ್ತೆ, ಹಸಿವಾಗುತ್ತೆ, ರಾತ್ರಿ ನಿದ್ದೆ ಬರುತ್ತೆ. ನಿದ್ದೆ ಸರಿಯಾದರೆ ಮನಸ್ಸು ಅರ್ಧ ಸರಿಯಾದಂತೆ. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಬೆವರುವ ಹಾಗೆ ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಆದರೆ ಬರೀ ಓಡಿದರೆ ಸಾಲದು, ಕೇಳುವವರೂ ಬೇಕು. ವಿರಾಟ್ ಕೊಹ್ಲಿಯನ್ನೇ ನೋಡಿ. 2014ರ ಇಂಗ್ಲೆಂಡ್ ಪ್ರವಾಸದಲ್ಲಿ ಖಿನ್ನತೆ ಕಾಡಿತ್ತು, ಸುತ್ತ ಜನ ಇದ್ದರೂ ಒಂಟಿ ಅನ್ನಿಸುತ್ತಿತ್ತು ಅಂತ ಅವರೇ ಮುಂದೆ ಹೇಳಿಕೊಂಡರು. ಅಂಥವರಿಗೇ ಹಾಗಾದರೆ ನಮ್ಮ ಹಳ್ಳಿ ಹುಡುಗರ ಪಾಡೇನು?

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಒಂಬತ್ತನೇ ಕ್ಲಾಸು, ನಮ್ಮ ಖೋ ಖೋ ತಂಡದವನು. ಖೋ ಖೋ ನೀವೆಲ್ಲ ಆಡಿರುತ್ತೀರಿ. ಎಂಟು ಚೌಕದಲ್ಲಿ ಎಂಟು ಜನ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಾರೆ. ಹಿಂದಿನಿಂದ ಬೆನ್ನು ಮುಟ್ಟಿ "ಖೋ" ಅಂದ ತಕ್ಷಣ ಎದ್ದು ಓಡಬೇಕು. ಈ ಹುಡುಗ ತಂಡದಲ್ಲೇ ಚುರುಕು. ಖೋ ಬಾಯಿಂದ ಹೊರಡುವ ಮೊದಲೇ ಅವನ ಹಿಮ್ಮಡಿ ಎದ್ದಿರುತ್ತಿತ್ತು. ಅಂಥವನು ಒಂದು ವಾರ ತಡವಾಗಿ ಏಳತೊಡಗಿದ. ಖೋ ಬಿದ್ದರೂ ಒಂದು ಕ್ಷಣ ಹಾಗೇ ಕೂತಿರುತ್ತಿದ್ದ. ಉಳಿದ ಹುಡುಗರು ರೇಗಿದರು. ಆಮೇಲೆ ಎರಡು ದಿನ ಮೈದಾನಕ್ಕೇ ಬರಲಿಲ್ಲ.

ಮೂರನೇ ದಿನ ಬಂದಾಗ, "ಯಾಕೋ, ಎರಡು ದಿನ ಕಾಣಲಿಲ್ಲ?" ಅಂದೆ. "ಏನಿಲ್ಲ ಸಾರ್" ಅಂದ. ಅಲ್ಲಿಗೇ ಬಿಡಲಿಲ್ಲ. ತಾಲ್ಲೂಕು ಮಟ್ಟದ ಪಂದ್ಯಕ್ಕೆ ಅಂಕಣಕ್ಕೆ ಸುಣ್ಣ ಹಾಕೋದಿತ್ತು, ಜೊತೆಗೆ ಕರೆದೆ. ಹಗ್ಗದ ಆ ತುದಿ ಅವನು ಹಿಡಿದ, ಈ ತುದಿ ನಾನು. ಸುಣ್ಣ ಹಾಕುವಾಗ ಇಬ್ಬರ ಕಣ್ಣೂ ನೆಲದ ಮೇಲೆ. ಮುಖಕ್ಕೆ ಮುಖ ಕೊಟ್ಟು ಕೂರಿಸಿಕೊಂಡು ಕೇಳಿದರೆ ಈ ವಯಸ್ಸಿನ ಮಕ್ಕಳು ಬಾಯಿ ಬಿಡಲ್ಲ. ಕೈಗೆ ಕೆಲಸ ಕೊಟ್ಟು ಪಕ್ಕದಲ್ಲಿ ನಿಲ್ಲಿ, ಮಾತು ತಾನಾಗಿ ಬರುತ್ತೆ. ಮೂರ್ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಶುರು ಮಾಡಿದ. ಎರಡು ವರ್ಷದಿಂದ ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದಿದೆ. ಬಿತ್ತನೆ ಗೆಡ್ಡೆಗೆ ಮಾಡಿದ ಸಾಲ ಹಾಗೇ ಇದೆ. ರಾತ್ರಿಯೆಲ್ಲ ಮನೆಯಲ್ಲಿ ಜಗಳ. "ನಿದ್ದೇನೇ ಬರಲ್ಲ ಸಾರ್. ಎಲ್ಲಾ ಸಾಕು ಅನ್ಸುತ್ತೆ."

ಮಕ್ಕಳ ಬಾಯಲ್ಲಿ "ಸಾಕು" ಅಂತ ಬಂದರೆ ತೇಲಿಸಬೇಡಿ. "ಸಾಯಬೇಕು ಅನ್ಸುತ್ತೇನೋ?" ಅಂತ ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಅಂತ ತುಂಬಾ ಜನ ಹೆದರುತ್ತಾರೆ. ಹಾಗಾಗಲ್ಲ. ಕೇಳಿದರೆ ಮಗುವಿಗೆ ಹಗುರಾಗುತ್ತೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಲ್ಲಾದ್ರೂ ಹೋಗ್ಬಿಡಣ ಅನ್ಸುತ್ತೆ ಸಾರ್" ಅಂದ. ಆವತ್ತು ಸಂಜೆಯೇ ಅವರ ಮನೆಗೆ ಹೋದೆ. ತಾಯಿ ಜೊತೆ ಮಾತಾಡಿ ಡಾಕ್ಟರ ಹತ್ತಿರ ಕಳಿಸಿದ್ದಾಯ್ತು.

ಇನ್ನೊಂದು ಕೆಲಸ ಮಾಡಿದೆ. ಅದೇ ಊರಿನ ನನ್ನ ಹಳೇ ವಿದ್ಯಾರ್ಥಿ, ಹಿಂದೆ ಖೋ ಖೋ ಆಡಿದವನು, ಬಸ್ ಸ್ಟ್ಯಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ. "ಇವನನ್ನ ದಿನಾ ಒಂದ್ಸಲ ಮಾತಾಡಿಸಪ್ಪ, ಸಾಕು" ಅಂದೆ. ಅವನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಅಂಗಡಿ ಬಾಗಿಲು ಹಾಕಿ ಸಂಜೆ ಮೈದಾನಕ್ಕೇ ಬರತೊಡಗಿದ. ಹುಡುಗನಿಗೆ ಮಾತ್ರ ಅಂತ ಬಂದವನು ಇಡೀ ತಂಡಕ್ಕೇ ಅಣ್ಣನಾದ. ಹುಡುಗ ಒಂದೇ ದಿನಕ್ಕೆ ಸರಿಹೋಗಲಿಲ್ಲ, ತಿಂಗಳುಗಳೇ ಹಿಡಿದವು. ಮನೆಯ ಸಾಲವೂ ತೀರಲಿಲ್ಲ. ಆದರೆ ಬರೋದು ತಪ್ಪಿಸಲಿಲ್ಲ. ತಪ್ಪಿಸಿದರೆ ಅಣ್ಣ ಕೇಳುತ್ತಾನಲ್ಲ!

ಟೈಮ್ ಆಗುತ್ತಾ ಬಂತು ಅಂತ ಕಾಣುತ್ತೆ, ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಹತ್ತನೇ ಕ್ಲಾಸಿಗೆ ಬಂದ ಕೂಡಲೇ ಆಟ ಬಿಡಿಸುತ್ತೀರಿ. ಯಾಕೆ ಅಂತ ದಯವಿಟ್ಟು ಹೇಳಿ. ಮನಸ್ಸಿಗೆ ಭಾರ ಜಾಸ್ತಿ ಆಗುವ ವರ್ಷದಲ್ಲೇ ಅದನ್ನು ಇಳಿಸುವ ಒಂದು ಗಂಟೆ ಕಿತ್ತುಕೊಂಡರೆ ಹೇಗೆ? ಹೆಣ್ಣುಮಕ್ಕಳ ಆಟವಂತೂ ಅದಕ್ಕೂ ಮೊದಲೇ ನಿಲ್ಲುತ್ತೆ. ನಮ್ಮ ಪಕ್ಕದ ಕಡೂರಿನ ಹುಡುಗಿ ವೇದಾ ಕೃಷ್ಣಮೂರ್ತಿ 2017ರಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್ ಆಡಿದರು. 2025ರಲ್ಲಿ ನಮ್ಮ ಹೆಣ್ಣುಮಕ್ಕಳು ಖೋ ಖೋ ವಿಶ್ವಕಪ್ಪನ್ನೇ ಗೆದ್ದರು. ನಿಮ್ಮ ಮಗಳು ಕಪ್ ತರದಿದ್ದರೂ ಪರವಾಗಿಲ್ಲ, ಸಂಜೆ ಆಡಲಿ ಬಿಡಿ. ಸಹೋದ್ಯೋಗಿ ಮೇಷ್ಟ್ರುಗಳೇ, ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡಬೇಡಿ. ಸೋತವನ ಮೇಲೆ ಎಲ್ಲರೆದುರು ರೇಗಬೇಡಿ. ಬೆಂಚಿನ ಮೇಲೆ ಕೂತ ಹುಡುಗನ ಹೆಸರೂ ನಿಮಗೆ ಗೊತ್ತಿರಲಿ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ಮೈದಾನ ಕೆಸರಾಗುತ್ತೆ, ನಿಜ. ಜಗುಲಿಯಲ್ಲಿ ಕೇರಂ ಇಟ್ಟರೂ ಮಕ್ಕಳು ಸೇರುತ್ತಾರೆ. ಸೇರಿದಾಗ ಕೇಳಿ.

ಇನ್ನು ಆಟದಿಂದಲೇ ಎಲ್ಲ ವಾಸಿಯಾಗಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾರ ಜೊತೆಗೂ ಮಾತಿಲ್ಲ ಅಂದರೆ ಡಾಕ್ಟರಿಗೆ ತೋರಿಸಿ. ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ಅಲ್ಲಿಗೆ ಹೋಗೋಕೆ ಸಂಕೋಚ ಬೇಡ. ಹೋಗಲು ಆಗದಿದ್ದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ. 2022ರಲ್ಲಿ ಶುರುವಾಗಿದ್ದು. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಒಂದು ಪೆನ್ನು ತಗೊಳ್ಳಿ, ನಂಬರ್ ಬರೆದುಕೊಳ್ಳಿ: ಒಂದು, ನಾಲ್ಕು, ನಾಲ್ಕು, ಒಂದು, ಆರು. ಇನ್ನೊಂದು ಸಲ ಹೇಳುತ್ತೇನೆ, 14416. ಮಕ್ಕಳಿಗೂ ಕಾಣುವ ಹಾಗೆ ಕ್ಯಾಲೆಂಡರಿನ ಪಕ್ಕ ಅಂಟಿಸಿಡಿ. ನಮಸ್ಕಾರ.